ಬಚ್ಚಲೊಲೆಯಿಂದ ಗೀಸರ್‌ವರೆಗೆ

2023ರ ಜೂನ್ ಕೊನೆಯ ವಾರ. ಗೃಹಜ್ಯೋತಿಗೆ ಅರ್ಜಿ ಹಾಕಲು ಅರ್ಧ ಕರ್ನಾಟಕ ಸರ್ವರ್ ಜೊತೆ ಗುದ್ದಾಡುತ್ತಿತ್ತು. ನಾನೂ ಆಫೀಸಿನ ಮೀಟಿಂಗ್ ಮಧ್ಯೆ ಕದ್ದು ಮೊಬೈಲಿನಲ್ಲಿ ಎರಡು ಅರ್ಜಿ ತುಂಬಿದೆ. ಒಂದು ಬೆಂಗಳೂರಿನಲ್ಲಿ ನಾವು ಮೂವರು ಗೆಳೆಯರು ಬಾಡಿಗೆಗಿರುವ ಮನೆಯದು. ಇನ್ನೊಂದು ರಿಪ್ಪನ್‌ಪೇಟೆ ಹತ್ತಿರದ ನಮ್ಮ ಮನೆಯದು, ಅಪ್ಪನ ಹೆಸರಿನ ಮೀಟರ್.

ಯೋಜನೆಯ ಲೆಕ್ಕ ನಿಮಗೆ ಗೊತ್ತೇ ಇದೆ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದಿರೋ ಅದಕ್ಕೆ ಶೇ. 10 ಸೇರಿಸಿ, ಅಷ್ಟು ಪುಕ್ಕಟೆ. ಗರಿಷ್ಠ ಮಿತಿ 200. ಬೆಂಗಳೂರು ಮನೆಯ ಸರಾಸರಿ 154 ಇತ್ತು, ಸಿಕ್ಕಿದ್ದು 169. ಊರಿನ ಮನೆಯ ಸರಾಸರಿ 38, ಸಿಕ್ಕಿದ್ದು 42. ಆವತ್ತು ರಾತ್ರಿ ಫೋನ್ ಮಾಡಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿಂಗೆ ನೂರಾ ಅರವತ್ತೊಂಬತ್ತಾ? ಮೂರು ಜನ ಗಂಡುಹುಡುಗ್ರು ಅಷ್ಟೊಂದು ಕರೆಂಟಲ್ಲಿ ಎಂತ ಮಾಡ್ತೀರಾ ಮಾರಾಯಾ?” ಅಂದರು.

ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಯೋಚಿಸಿ ನೋಡಿದರೆ ನನಗೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಎಸಿ ಇಲ್ಲ, ಮೈಕ್ರೋವೇವ್ ಇಲ್ಲ. ಹಗಲು ಹೊತ್ತು ಮೂವರೂ ಆಫೀಸಿನಲ್ಲಿ. ಊರಿನ ಮನೆಯಲ್ಲಿ ಟಿವಿ, ಫ್ರಿಜ್, ಮಿಕ್ಸಿ ಎಲ್ಲ ಇವೆ. ಹಾಗಿದ್ದರೆ ಈ 116 ಯೂನಿಟ್ ವ್ಯತ್ಯಾಸ ಎಲ್ಲಿಂದ ಬಂತು?

ಆಫೀಸಿನಲ್ಲಿ ಕೇಳಿದೆ. “ಆದಾಯ ಹೆಚ್ಚಿದ್ದ ಕಡೆ ಬಳಕೆ ಹೆಚ್ಚು, ಸಿಂಪಲ್” ಅಂದ ಒಬ್ಬ. ಅರ್ಧ ನಿಜ. ಉಳಿದ ಅರ್ಧ ನಿಜ ಹುಡುಕಲು ನಾನು ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೊರಟಿತು. ಮನೆಗಳಿಗಲ್ಲ, ಗಣಿಯ ಯಂತ್ರಗಳಿಗೆ. ಮೂರು ವರ್ಷದ ನಂತರ, 1905ರ ಆಗಸ್ಟ್ 5ರಂದು ಬೆಂಗಳೂರಿನ ಮಾರ್ಕೆಟ್ ಬಳಿ ವಿದ್ಯುತ್ ಬೀದಿದೀಪ ಹತ್ತಿತು. (ಏಷ್ಯಾದಲ್ಲೇ ಮೊದಲು ಕರೆಂಟು ಕಂಡ ಊರು ಬೆಂಗಳೂರು ಅಂತ ವರ್ಷಕ್ಕೊಮ್ಮೆ ವಾಟ್ಸ್ಯಾಪ್ ಫಾರ್ವರ್ಡ್ ಬರುತ್ತದಲ್ಲ, ಅದನ್ನು ನಂಬಬೇಡಿ. ಕೋಲ್ಕತ್ತದಲ್ಲಿ 1899ರಲ್ಲೇ ವಿದ್ಯುತ್ ಕಂಪನಿ ಕರೆಂಟು ಕೊಡುತ್ತಿತ್ತು.) ಬೆಂಗಳೂರಿನ ಮನೆಗಳಿಗೆ ಕರೆಂಟು ಬಂದಿದ್ದು ಹೀಗೆ, ಗಣಿಗೆ ಹೊರಟ ತಂತಿಯ ಬೆನ್ನಿಗೆ. ಆ ಕಾಲದಲ್ಲಿ ಮನೆಯ ಕರೆಂಟು ಅಂದರೆ ದೀಪ ಮಾತ್ರ. ನೀರು ಕಾಯುತ್ತಿದ್ದುದು ಬೆಂಗಳೂರಿನಲ್ಲೂ ಹಂಡೆಯಲ್ಲೇ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಿಗೆ ಹೋದರೆ ಬಚ್ಚಲಿನ ಗೋಡೆಯಲ್ಲಿ ಹೊಗೆ ಮಸಿ, ಮೇಲೆ ಹೊಗೆಗೂಡು ಈಗಲೂ ಕಾಣಬಹುದು.

ಆಮೇಲೆ ಕಥೆ ನಮ್ಮ ಕಡೆಗೆ ಬರುತ್ತದೆ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ, ಸಾಗರ ತಾಲ್ಲೂಕು ಹಾದು ಜೋಗದಲ್ಲಿ ಧುಮುಕುತ್ತದೆ. 1948ರಲ್ಲಿ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಜೋಗದ ಬಳಿ ವಿದ್ಯುದಾಗಾರ ಶುರುವಾಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಹೆಸರಿಟ್ಟರು. ಶಕ್ತಿ 120 ಮೆಗಾವಾಟ್. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು, ಪೂರ್ಣ ಮಟ್ಟ 1,819 ಅಡಿ. ಹಿರೇಭಾಸ್ಕರ ಅಣೆಕಟ್ಟೇ ಅದರಲ್ಲಿ ಮುಳುಗಿಹೋಯಿತು. ಒಂದು ಅಣೆಕಟ್ಟನ್ನು ಹದಿನಾರೇ ವರ್ಷದಲ್ಲಿ ಇನ್ನೊಂದು ಅಣೆಕಟ್ಟು ನುಂಗಿದ ಊರು ನಮ್ಮದು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಅದರ ಸೈಫನ್ ಗೋಪುರಗಳು ಮೇಲೆದ್ದು ನಿಲ್ಲುತ್ತವೆ, ಜನ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಶರಾವತಿ ವಿದ್ಯುದಾಗಾರದಲ್ಲಿ ಒಂದೊಂದೇ ಯಂತ್ರ ಸೇರುತ್ತಾ ಹೋಗಿ ಹತ್ತು ಯಂತ್ರ, ಒಟ್ಟು 1,035 ಮೆಗಾವಾಟ್ ಆಯಿತು. ಸಾಲದ್ದಕ್ಕೆ ನಮ್ಮ ಹೊಸನಗರ ತಾಲ್ಲೂಕಿನಲ್ಲೇ ಚಕ್ರಾ, ಸಾವೆಹಕ್ಲು ಕಟ್ಟಿ ಆ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಿದರು. ವಾರಾಹಿಗೆ ಮಾಣಿ ಡ್ಯಾಮ್ ಬಂತು. ಒಂದೇ ತಾಲ್ಲೂಕು ಇಷ್ಟು ಸಲ ಮುಳುಗಿದ್ದು ಕಡಿಮೆ.

ಅಜ್ಜನ ಊರು ಮುಳುಗಿದ್ದು 1964ರಲ್ಲಿ. ಹೊಳೆ ದಂಡೆಯ ಗದ್ದೆ, ಮನೆ, ಹಿತ್ತಲಿನ ಹಲಸಿನ ಮರ. ಲಾರಿಯಲ್ಲಿ ಪಾತ್ರೆ, ಮರದ ಪೆಟ್ಟಿಗೆ, ದನ, ಮಕ್ಕಳು. ಬಿಟ್ಟುಬಂದ ಮನೆಯ ಹೆಂಚಿಗೆ ಮಾತ್ರ ಜಾಗ ಸಾಲಲಿಲ್ಲವಂತೆ. ಇಳಿಸಿದ್ದು ರಿಪ್ಪನ್‌ಪೇಟೆ ಸಮೀಪದ ಕಾಡಂಚಿನಲ್ಲಿ. ವೈಸರಾಯ್ ರಿಪ್ಪನ್ ಹೆಸರು ಹೊತ್ತ ಪೇಟೆ ಅಂದಿಗೇ ಇತ್ತು. ಅಜ್ಜನಿಗೆ ಸಿಕ್ಕಿದ್ದು ಅಲ್ಲಿಂದ ಮೈಲಿಗಟ್ಟಲೆ ಆಚೆ ಮುಳ್ಳುಕಂಟಿ. ನೀವು ನಾ. ಡಿಸೋಜ ಅವರ ‘ಮುಳುಗಡೆ’ ಓದಿದ್ದರೆ ಉಳಿದಿದ್ದನ್ನು ನಾನು ಹೇಳಬೇಕಿಲ್ಲ. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದನ್ನೆಲ್ಲ ಹತ್ತಿರದಿಂದ ಕಂಡವರು.

ಅಜ್ಜ ಹೇಳುತ್ತಿದ್ದ ಒಂದು ಮಾತು ಮಾತ್ರ ಇಲ್ಲಿಗೆ ಬೇಕು. ರಾತ್ರಿ ಲಾಟೀನು ಹಿಡಿದು ಗದ್ದೆ ಕಾಯಲು ಹೋದಾಗ ತಲೆಯ ಮೇಲೆ ಟವರ್ ಲೈನು ಗುಂಯ್‌ಗುಡುತ್ತಿತ್ತಂತೆ. “ನಮ್ಮ ಹೊಳೆ ಹೋಗ್ತಾ ಉಂಟು ಬೆಂಗಳೂರಿಗೆ” ಅನ್ನುತ್ತಿದ್ದರು. ಕೈಯಲ್ಲಿ ಸೀಮೆಎಣ್ಣೆ, ಮೇಲೆ 220 ಕೆವಿ. ನಮ್ಮ ಮನೆಗೆ ಮೀಟರ್ ಬಂದಿದ್ದು ಅಪ್ಪ ಕಾಲೇಜು ಮುಗಿಸಿದ ಮೇಲೆ. ಜಾಗದ ಕಾಗದ ಸರಿಯಿಲ್ಲ ಅಂತ ಎಷ್ಟೋ ಸಲ ವಾಪಸ್ ಕಳಿಸಿದ್ದರು. ಕಾಗದ ಈಗಲೂ ಪೂರ್ತಿ ಸರಿಯಿಲ್ಲ. ಶರಾವತಿ ಸಂತ್ರಸ್ತರಿಗೆ ಕೊಟ್ಟ ಕಾಡಿನ ಜಮೀನಿನ ಡಿನೋಟಿಫಿಕೇಷನ್ ಅನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಅದು ಮತ್ತೆ ಮೊದಲಿಂದ ಶುರುವಾದ ಜಗಳ. ಅದು ಬೇರೆಯೇ ಲೇಖನ, ಬಿಡಿ.

ಸರ್ಕಾರಿ ದಾಖಲೆಯಲ್ಲಿ ಆ ಊರುಗಳಿಗೆ ಯಾವತ್ತೋ ಕರೆಂಟು ಬಂದಾಗಿತ್ತು ಅನ್ನುವುದು ಇನ್ನೊಂದು ತಮಾಷೆ. 1997ರವರೆಗೆ ಭಾರತದಲ್ಲಿ ಒಂದು ಹಳ್ಳಿಯ ಎಲ್ಲೆಯೊಳಗೆ ಯಾವುದಾದರೂ ಒಂದು ಕೆಲಸಕ್ಕೆ ವಿದ್ಯುತ್ ಬಳಸಿದರೆ ಸಾಕು, ಅದು “ವಿದ್ಯುದೀಕರಣಗೊಂಡ ಗ್ರಾಮ”. ಒಂದು ಅಕ್ಕಿ ಗಿರಣಿ, ಒಂದು ಪಂಪ್‌ಸೆಟ್ ಇದ್ದರೂ ನಡೆಯುತ್ತಿತ್ತು. ಮನೆಗಳಲ್ಲಿ ಶೇ. 10ಕ್ಕಾದರೂ ಸಂಪರ್ಕ ಇರಬೇಕು ಅಂತ ನಿಯಮ ಬಂದಿದ್ದು 2004ರಲ್ಲಿ.

ಹಾಗಾದರೆ ಅರವತ್ತರ ದಶಕದಲ್ಲಿ ಅಷ್ಟೊಂದು ಕರೆಂಟು ಏನಾಯಿತು? ನನ್ನ 154 ಯೂನಿಟ್ಟಿನ ಮೂಲ ಇರುವುದು ಇಲ್ಲೇ.

ಆಗ ಮೈಸೂರು ರಾಜ್ಯದಲ್ಲಿ ಕರೆಂಟು ಖರ್ಚಾಗದೆ ಉಳಿಯುತ್ತಿತ್ತು. ಇವತ್ತು ನಂಬುವುದು ಕಷ್ಟ, ಆದರೆ ನಿಜ. ನೆರೆ ರಾಜ್ಯಗಳಿಗೆ ಮಾರುತ್ತಿದ್ದೆವು. ಕಾರ್ಖಾನೆಗಳನ್ನು ಕರೆಕರೆದು ಕೊಡುತ್ತಿದ್ದೆವು. ಮಳೆ ನೀರಿನ ಕರೆಂಟು ಅಗ್ಗ; ಡ್ಯಾಮ್ ಕಟ್ಟುವ ಖರ್ಚು ಮುಗಿದ ಮೇಲೆ ಕಲ್ಲಿದ್ದಲು ಕೊಳ್ಳುವ ತಲೆನೋವಿಲ್ಲ. ಮನೆಗಳಲ್ಲೂ ದೀಪಕ್ಕೊಂದು ದರ, ಬಿಸಿ ಮಾಡುವ ಉಪಕರಣಗಳಿಗೆ ಇನ್ನೊಂದು, ಕಡಿಮೆ ದರ ಇತ್ತು. ಹಳೇ ಬೆಂಗಳೂರಿನ ಮನೆಗಳಲ್ಲಿ ಎರಡೆರಡು ಮೀಟರ್ ನೋಡಿರಬಹುದು, ಒಂದು ಲೈಟಿಂಗ್, ಒಂದು ಹೀಟಿಂಗ್. ಅದರ ಮುಂದಿನ ಹೆಜ್ಜೆಯೇ ಎಇಎಚ್, ಅಂದರೆ ‘ಆಲ್ ಎಲೆಕ್ಟ್ರಿಕ್ ಹೋಮ್’. ನಿಮ್ಮ ಅಜ್ಜ ಕೆಇಬಿ ಬಿಲ್ಲುಗಳನ್ನು ಕಂಬಿಗೆ ಚುಚ್ಚಿ ಇಟ್ಟಿದ್ದರೆ ತೆಗೆದು ನೋಡಿ, ಆ ಮೂರಕ್ಷರ ಸಿಗಬಹುದು. “ನಮ್ಮದು ಎಇಎಚ್ ಮನೆ” ಅಂತ ಹೇಳಿಕೊಳ್ಳುವುದು ಒಂದು ಕಾಲಕ್ಕೆ ಅಂತಸ್ತಿನ ಮಾತಾಗಿತ್ತು. ಬಾಡಿಗೆ ಜಾಹೀರಾತಿನಲ್ಲೂ ಹಾಕುತ್ತಿದ್ದರು.

ಇದರ ಪರಿಣಾಮ ಬಿಲ್ಲಿಗಿಂತ ಗೋಡೆಯ ಮೇಲೆ ಜಾಸ್ತಿ ಆಯಿತು ಅಂತ ನನ್ನ ಅಭಿಪ್ರಾಯ. ಕರೆಂಟು ಅಗ್ಗ ಅಂತಾದ ಮೇಲೆ ಕಟ್ಟಿದ ಮನೆಗಳಲ್ಲಿ ಬಚ್ಚಲೊಲೆಗೆ ಜಾಗವೇ ಬಿಡಲಿಲ್ಲ. ಹೊಗೆ ಹೋಗುವ ದಾರಿ ಇಲ್ಲ, ಸೌದೆ ಒಟ್ಟಲು ಹಿತ್ತಲಿಲ್ಲ. ಬದಲಿಗೆ ಬಾತ್‌ರೂಮಿನ ಗೋಡೆಯ ಮೇಲುಗಡೆ 15 ಆಂಪ್ಸ್‌ನ ಒಂದು ಪಾಯಿಂಟ್. ಒಮ್ಮೆ ಹೀಗೆ ಕಟ್ಟಿದ ಮನೆ ಐವತ್ತು ವರ್ಷ ನಿಲ್ಲುತ್ತದೆ. ಆಮೇಲೆ ಕರೆಂಟು ತುಟ್ಟಿಯಾದರೂ ಅಭಾವವಾದರೂ ಆ ಮನೆಯೊಳಗಿನವರು ನೀರು ಕಾಯಿಸಲು ಬೇರೆ ಏನು ಮಾಡಬೇಕು?

ಅಭಾವ ಬರಲು ತಡವಾಗಲಿಲ್ಲ. ರಾಜ್ಯ ಪೂರ್ತಿ ಮಳೆಯನ್ನೇ ನಂಬಿ ಕೂತಿತ್ತು. ಎಪ್ಪತ್ತರ ದಶಕದಲ್ಲಿ ಬೇಡಿಕೆ ಏರಿತು, ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ತಳ ಕಂಡಿತು, ಪವರ್ ಕಟ್ ಶುರುವಾಯಿತು. ರಾಯಚೂರಿನ ಮೊದಲ ಶಾಖೋತ್ಪನ್ನ ಘಟಕ ಬಂದಿದ್ದು 1985ರಲ್ಲಿ. ಆ ಹೊತ್ತಿಗೆ ಬೆಂಗಳೂರು ಬೆಳಗ್ಗೆ ಏಳುತ್ತಿದ್ದುದೇ ಗೀಸರ್ ಸ್ವಿಚ್ ಹಾಕುವುದಕ್ಕೆ.

ಚೆನ್ನೈ, ದಿಲ್ಲಿಯಲ್ಲಿ ಬೇಸಿಗೆಯ ಎಸಿ ಬಿಲ್ ಏರಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಆ ಕೆಲಸ ಮಾಡುವುದು ಗೀಸರ್. ಸುಮ್ಮನೆ ಹೇಳುತ್ತಿಲ್ಲ, ಲೆಕ್ಕ ಮಾಡಿ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 57 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಒಬ್ಬರಿಗೆ ದಿನಕ್ಕೆ ಒಂದು ಟ್ಯಾಂಕ್ ಅಂದುಕೊಂಡರೆ ಮೂವರಿಗೆ ತಿಂಗಳಿಗೆ 54 ಯೂನಿಟ್. ನಮ್ಮ ಸ್ನಾನಕ್ಕೆ ಹೋಗುವ ಕರೆಂಟು ಊರಲ್ಲಿ ಇಡೀ ಮನೆ ಬಳಸುವ 38ಕ್ಕಿಂತ ಹೆಚ್ಚು. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿಗೆ ಸಿಕ್ಕಿತು. ಹೇಳಲು ನಾಚಿಕೆಯಾಗಿ ಬಹಳ ದಿನ ಹೇಳಲಿಲ್ಲ.

ಇನ್ನುಳಿದಿದ್ದಕ್ಕೂ ಕಾರಣ ಹುಡುಕಿದೆ. ಜನ ಜಾಸ್ತಿಯಾದ ಹಾಗೆ ಕರೆಂಟು ಅದೇ ಲೆಕ್ಕದಲ್ಲಿ ಜಾಸ್ತಿಯಾಗುವುದಿಲ್ಲ. ಏಳು ಜನರ ಕೂಡುಕುಟುಂಬಕ್ಕೂ ಒಂದೇ ಫ್ರಿಜ್, ಇಬ್ಬರೇ ಇರುವ ಮನೆಗೂ ಒಂದೇ ಫ್ರಿಜ್. ನಗರದಲ್ಲಿ ಮನೆಗಳು ಚಿಕ್ಕದಾಗುತ್ತಾ ಹೋದ ಹಾಗೆ ತಲೆಗೊಂದು ಫ್ರಿಜ್, ತಲೆಗೊಂದು ಗೀಸರ್ ಆಗುತ್ತಿದೆ. ನಮ್ಮ ಮನೆಯ ಫ್ರಿಜ್ಜು ಓನರ್ ಅಂಕಲ್ ಅವರ ಮದುವೆ ಕಾಲದ್ದು, ರಾತ್ರಿ ಅದರ ಸದ್ದಿಗೆ ಎಚ್ಚರವಾಗುತ್ತದೆ. ಹೊಸದು ತಂದರೆ ಕರೆಂಟು ಉಳಿಯುತ್ತದೆ ಅಂತ ಹೇಳಿ ನೋಡಿದೆ. ಬಿಲ್ ಕಟ್ಟುವವನು ನಾನು, ಫ್ರಿಜ್ ತರಬೇಕಾದವರು ಅವರು. ಬಾಡಿಗೆಯವರ ಬಳಕೆಯನ್ನು ನಿರ್ಧರಿಸುವುದು ಅರ್ಧಕ್ಕರ್ಧ ಓನರ್. 2020ರಲ್ಲಿ ವರ್ಕ್ ಫ್ರಂ ಹೋಮ್ ಬಂದಾಗ ಕಂಪನಿಯ ಬಿಲ್ಲಿನ ಒಂದು ಪಾಲು ಸದ್ದಿಲ್ಲದೆ ನಮ್ಮ ಮೀಟರಿಗೆ ಬಂದು ಕೂತಿತು, ಈಗಲೂ ವಾರಕ್ಕೆರಡು ದಿನ ಕೂರುತ್ತದೆ. ಇನ್ನು ನಿಮ್ಮ ಬಿಲ್ಲಿನಲ್ಲಿ ಕಾಣದ ಕರೆಂಟೂ ಇದೆ. ಅಪಾರ್ಟ್‌ಮೆಂಟಿನ ಲಿಫ್ಟು, ಸಂಪಿನ ಮೋಟಾರು, ಮೇಂಟೆನೆನ್ಸ್‌ನಲ್ಲಿ ಅಡಗಿರುವುದು. ಕಾವೇರಿ ನೀರಂತೂ ನೂರು ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಬಕೆಟ್ಟಿಗೆ ತಣ್ಣೀರು ಬೀಳುವಾಗಲೇ ಅದರಲ್ಲಿ ಕರೆಂಟು ಖರ್ಚಾಗಿರುತ್ತದೆ.

ಸರ್ಕಾರಕ್ಕೂ ಗೀಸರಿನ ವಿಷಯ ಗೊತ್ತಿತ್ತು. 2007ರ ಹೊತ್ತಿಗೆ ಹೊಸ ಮನೆಗೆ ಕನೆಕ್ಷನ್ ಬೇಕಾದರೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಅಂತಾಯಿತು. ಸೋಲಾರ್ ಇದ್ದವರಿಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಬೆಂಗಳೂರಿನ ತಾರಸಿಗಳ ಮೇಲೆ ಕಾಣುವ ನೀಲಿ-ಬೂದು ಟ್ಯಾಂಕುಗಳ ಕಾಡು ಹುಟ್ಟಿದ್ದು ಹೀಗೆ, ಮತ್ತು ಇದು ಒಳ್ಳೆಯ ಕೆಲಸವೇ. ಆದರೆ ನಮ್ಮ ಕಟ್ಟಡದಲ್ಲಿ ಸೋಲಾರ್ ಇರುವುದು ಮೇಲ್ಮಹಡಿಯ ಓನರ್ ಮನೆಗೆ. ಕೆಳಗಿನ ಮೂರು ಬಾಡಿಗೆ ಮನೆಗೆ ಪೈಪೇ ಎಳೆದಿಲ್ಲ.

ಊರಿನ ಮನೆಯ 38 ಯೂನಿಟ್ಟನ್ನು ಕಂಡು, ಆಹಾ, ಎಂಥ ಸರಳ ಪರಿಸರಸ್ನೇಹಿ ಬದುಕು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅದು ಆದರ್ಶದಿಂದ ಬಂದ ಸಂಖ್ಯೆ ಅಲ್ಲ. ನಮ್ಮಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ಒಣಗಿದ ಸೋಗೆ, ದರಗು ಪುಕ್ಕಟೆ ಸಿಗುತ್ತದೆ, ನಿಜ. ಹಂಡೆಯ ನೀರಿನ ಸುಖವೇ ಬೇರೆ ಅನ್ನುವುದೂ ನಿಜ, ಮೈಮೇಲೆ ಹೊಯ್ದುಕೊಳ್ಳುವವರಿಗೆ. ಮಳೆಗಾಲದ ಬೆಳಗ್ಗೆ ಐದೂವರೆಗೆ ಎದ್ದು ಒದ್ದೆ ಸಿಪ್ಪೆಗೆ ಊದುಗೊಳವೆ ಹಿಡಿದು ಕಣ್ಣು ಉರಿಸಿಕೊಳ್ಳುವವರು ಅಮ್ಮ. ನಲವತ್ತು ವರ್ಷ ಊದಿದ್ದಾರೆ. ಆ ಹೊಗೆಗೆ ಯಾವ ಮೀಟರೂ ಇಲ್ಲ.

38ಕ್ಕೆ ಇನ್ನೊಂದು ಕಾರಣ, ಕರೆಂಟು ಇದ್ದರೆ ತಾನೇ ಬಳಸುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಎಲ್ಲೋ ಒಂದು ಕಡೆ ಮರ ಬೀಳುತ್ತದೆ, ಲೈನ್ ಹೋಗುತ್ತದೆ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲಿ ಕಾಡಿನೊಳಗೆ ಕಂಬ ಹತ್ತುತ್ತಾರೆ, ಅವರನ್ನು ದೂರಿ ಪ್ರಯೋಜನವಿಲ್ಲ. ಎರಡು ದಿನ, ಮೂರು ದಿನ ಕತ್ತಲೆ. ಫ್ರಿಜ್ಜನ್ನು ಅಮ್ಮ ಮಳೆಗಾಲದಲ್ಲಿ ಆಫ್ ಮಾಡಿ ಬಟ್ಟೆ ಇಡುವ ಕಪಾಟಿನ ಹಾಗೆ ಬಳಸುತ್ತಾರೆ. ಸಾಲದ್ದಕ್ಕೆ, ಹಳ್ಳಿಯ ಮನೆ ಅಂದರೆ ಒಂದು ಬಲ್ಬು ಸಾಕು ಅನ್ನುವ ಲೆಕ್ಕ ಸರ್ಕಾರದ ತಲೆಯಲ್ಲೇ ಇತ್ತು. ಭಾಗ್ಯಜ್ಯೋತಿಯಲ್ಲಿ ಬಡವರ ಮನೆಗೆ ಕೊಟ್ಟಿದ್ದು ಒಂದೇ ಒಂದು ದೀಪದ ಪಾಯಿಂಟ್. ಬಹಳ ವರ್ಷ ತಿಂಗಳಿಗೆ 18 ಯೂನಿಟ್, ಆಮೇಲೆ 40. ಒಂದು ದೀಪದಿಂದ ಶುರುವಾದ ವೈರಿಂಗಿಗೆ ಗೀಸರ್ ಕನಸೂ ಬೀಳುವುದಿಲ್ಲ.

ಈಗ ಗೃಹಜ್ಯೋತಿಯ ಸೂತ್ರವನ್ನು ಮತ್ತೊಮ್ಮೆ ಓದಿ. ಹಿಂದೆ ಎಷ್ಟು ಬಳಸಿದ್ದಿರೋ ಅಷ್ಟು ಪುಕ್ಕಟೆ. ಶಿವನಸಮುದ್ರದ ತಂತಿ ಯಾರ ಊರಿಗೆ ಮೊದಲು ಬಂತು, ಹೀಟಿಂಗ್ ದರ ಯಾರ ಬಾತ್‌ರೂಮ್ ಕಟ್ಟಿತು, ಯಾರಿಗೆ ಒಂದು ಬಲ್ಬು ಸಿಕ್ಕಿತು, ಎಲ್ಲವೂ ಆ ಸರಾಸರಿಯೊಳಗಿದೆ. ಯೋಜನೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ನಮ್ಮ ಅಮ್ಮನಿಗೆ ಸೊನ್ನೆ ಬಿಲ್ ಬಂದ ದಿನ ಅವರು ಅದನ್ನು ದೇವರ ಮುಂದೆ ಇಟ್ಟಿದ್ದರು. ಕಡಿಮೆ ಬಳಸುವವರಿಗೆ ಶೇ. 10 ಅಂದರೆ ಏನೂ ಅಲ್ಲ ಅಂತ ಸರ್ಕಾರಕ್ಕೂ ಹೊಳೆದು, 2024ರಲ್ಲಿ ಅಂಥವರಿಗೆ ನೇರ 10 ಯೂನಿಟ್ ಸೇರಿಸಿತು. ನಮ್ಮ ಮನೆಯದು 48 ಆಯಿತು. ಆದರೂ ಬೆಂಗಳೂರಿನ ಮೂವರು ಎಂಜಿನಿಯರುಗಳಿಗೆ 169. ಆ ಮಿತಿಯೂ ನಮ್ಮ ನಡವಳಿಕೆ ಬದಲಿಸಿದೆ, ಒಪ್ಪಬೇಕು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕಲ್ಲ, ಹಾಗಾಗಿ ಡಿಸೆಂಬರ್ ಚಳಿಯಲ್ಲೂ ತಿಂಗಳ ಕೊನೆಯ ವಾರ ಮೂವರೂ ಮೀಟರ್ ಮುಂದೆ ನಿಂತು, ಯಾರು ತಣ್ಣೀರು ಸ್ನಾನ ಮಾಡಬೇಕು ಅಂತ ಚರ್ಚೆ ಮಾಡುತ್ತೇವೆ.

ನಮ್ಮ ನಗರದ ಬೆಳಗು-ಸಂಜೆಯ ಹಠ ಶರಾವತಿಯನ್ನು ಇನ್ನೂ ಬಿಟ್ಟಿಲ್ಲ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತಯಾರಾಗುತ್ತಿದೆ. ಕರೆಂಟು ಮಿಕ್ಕಿದ ಹೊತ್ತಲ್ಲಿ ನೀರನ್ನು ಮೇಲಕ್ಕೆ ಎತ್ತಿ ಇಟ್ಟು, ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಹೊತ್ತಲ್ಲಿ ಬಿಡುವುದು. ಎಂಜಿನಿಯರಿಂಗ್ ಲೆಕ್ಕದಲ್ಲಿ ಚಂದವಾಗಿದೆ. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಕೊರೆಯಬೇಕು. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಆಗಿತ್ತು. ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಮುಳುಗಿ ಅರವತ್ತೊಂದು ವರ್ಷಕ್ಕೆ. ಹೊಸ ಯೋಜನೆ ಅಂದಾಗ ನಮ್ಮ ಕಡೆಯವರು ಯಾಕೆ ಮೊದಲು ಬೇಡ ಅನ್ನುತ್ತಾರೆ ಅಂತ ಇನ್ನು ನೀವು ಕೇಳಲಾರಿರಿ.

ಹೋದ ದೀಪಾವಳಿಗೆ ರಾತ್ರಿ ಬಸ್ ಹತ್ತಿ, ಬೆಳಗ್ಗೆ ವಿನಾಯಕ ಸರ್ಕಲ್‌ನಲ್ಲಿ ಇಳಿದು, ಅಲ್ಲೇ ಪೇಟೆಯಲ್ಲಿ ಮೂರು ಲೀಟರಿನ ಒಂದು ಗೀಸರ್ ಕೊಂಡು ಮನೆಗೆ ಹೋದೆ. ಅಪ್ಪ ಮುಖ ಗಂಟು ಹಾಕಿಕೊಂಡರು. “48 ದಾಟ್ತದೆ” ಅಂದರು. ಎಲೆಕ್ಟ್ರಿಷಿಯನ್ ಬಂದು ನೋಡಿ, ಹಳೇ ವೈರಿಗೆ ಇದು ತಡೆಯುವುದಿಲ್ಲ ಅಂತ ಮೀಟರ್ ಬೋರ್ಡಿನಿಂದ ಹೊಸ ಲೈನ್ ಎಳೆದ. ಗೀಸರಿಗಿಂತ ಅದಕ್ಕೇ ಜಾಸ್ತಿ ಖರ್ಚಾಯಿತು.

ಮೊದಲ ತಿಂಗಳ ಬಿಲ್ 57 ಯೂನಿಟ್. ಒಂಬತ್ತು ಯೂನಿಟ್ ಮೇಲೆ ಹೋಗಿತ್ತು, 5 ರೂಪಾಯಿ 80 ಪೈಸೆ ಲೆಕ್ಕದಲ್ಲಿ ಐವತ್ತೆರಡು ರೂಪಾಯಿ ಚಿಲ್ಲರೆ, ಮೇಲೆ ಟ್ಯಾಕ್ಸು. ಅಮ್ಮ ಅದನ್ನು ಫೋಟೋ ತೆಗೆದು ನನಗೆ ಕಳಿಸಿ, ಕೂಡಲೇ ಫೋನ್ ಮಾಡಿದರು. ಹಾಗಾದರೆ ಇನ್ನು ಒಲೆ ಕೆಡವಿ ಜಾಗ ಮಾಡಿಸೋಣವಾ ಅಂತ ಕೇಳಿದೆ.

“ಥೋ, ಒಲೆ ಎಂತಕ್ಕೆ ಕೆಡವ್ತೀಯ? ಮಳೆಗಾಲ ಬರ್ಲಿ, ಕರೆಂಟು ಎಲ್ಲಿರ್ತದೆ? ಸಿಪ್ಪೆ ಮೂರು ಮೂಟೆ ಕಟ್ಟಿಟ್ಟಿದೀನಿ.”